ಮೊಮ್ಮಗಳು ಸೈಕಲ್ಲಿನಲ್ಲಿ, ನಾನು ಬಸ್ಸಿನಲ್ಲಿ

ಮೊದಲೇ ಹೇಳಿಬಿಡುತ್ತೇನೆ. ಸೈಕಲ್ ತುಳಿದದ್ದು ನಮ್ಮ ಪುಟ್ಟಿ, ಸುಸ್ತಾಗಿ ಮಲಗಿದ್ದು ನಾನು.

ಪುಟ್ಟಿ ಎಂದರೆ ನನ್ನ ಮಗಳ ಮಗಳು. ಆಗ ಅವಳಿಗೆ ಇಪ್ಪತ್ತು ವರ್ಷ, ನನಗೆ ಎಪ್ಪತ್ತು ತುಂಬಿತ್ತು. ಹಿಮಾಚಲ ಪ್ರದೇಶದ ಶಿಮ್ಲಾದಿಂದ ಸ್ಪಿತಿ ಕಣಿವೆಯ ಕಾಜಾವರೆಗೆ, ನಾನೂರು ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು ಸೈಕಲ್ಲಿನಲ್ಲೇ ಹೋಗುತ್ತೇನೆ ಎಂದು ಅವಳು ಹಟ ಹಿಡಿದಾಗ ಮನೆಯಲ್ಲಿ ಎರಡು ದಿನ ಯಾರಿಗೂ ಊಟ ಸೇರಲಿಲ್ಲ. ಕೊನೆಗೆ ನನ್ನ ಮಗಳು ಒಂದು ಷರತ್ತು ಹಾಕಿದಳು: "ಅಪ್ಪ ಜೊತೆಗೆ ಹೋಗೋದಾದ್ರೆ ಹೋಗ್ಲಿ. ಏನಾದ್ರೂ ಹೆಚ್ಚುಕಡಿಮೆ ಆದ್ರೆ ಇಬ್ಬರೂ ಒಂದೇ ಗಾಡಿ ಹತ್ತಿ ಬರಬೇಕು." ಡಾಕ್ಟರು ನನ್ನ ಎದೆ, ರಕ್ತದೊತ್ತಡ ಎಲ್ಲ ಪರೀಕ್ಷಿಸಿ ಹೂಂ ಅಂದರು. ಅವಳು ಸೈಕಲ್ಲಿನಲ್ಲಿ, ನಾನು ಸರ್ಕಾರಿ ಬಸ್ಸಿನಲ್ಲಿ ಎಂದು ತೀರ್ಮಾನವಾಯಿತು. ಬಸ್ಸಿಗೆ ಒಂದು ದಿನದ ದಾರಿ ಅವಳಿಗೆ ನಾಲ್ಕು ದಿನ. ಆದ್ದರಿಂದ ನಾನು ಮುಂದೆ ಹೋಗಿ ಕಾದಿರಬೇಕು, ಅವಳು ಸಂಜೆ ಸಂಜೆ ಫೋನ್ ಮಾಡಬೇಕು.

ಮಕ್ಕಳೇ, ಪುಟ್ಟಿಯ ತಲೆಯಲ್ಲಿ ಈ ಹುಳ ಬಿಟ್ಟವಳು ಐರ್ಲೆಂಡಿನ ಡರ್ವ್ಲಾ ಮರ್ಫಿ ಎಂಬಾಕೆ. ಹತ್ತನೆಯ ಹುಟ್ಟುಹಬ್ಬಕ್ಕೆ ಆಕೆಗೆ ಒಂದು ಹಳೇ ಸೈಕಲ್, ಒಂದು ಅಟ್ಲಾಸು ಉಡುಗೊರೆ ಸಿಕ್ಕವು. ಎರಡನ್ನೂ ಸೇರಿಸಿ ನೋಡಿದ ಹುಡುಗಿ, ಒಂದು ದಿನ ಇಂಡಿಯಾಕ್ಕೆ ಸೈಕಲ್ಲಿನಲ್ಲೇ ಹೋಗುತ್ತೇನೆ ಎಂದು ನಿಶ್ಚಯಿಸಿದಳು. 1963ರಲ್ಲಿ ಯುರೋಪು, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ ದೆಹಲಿಗೆ ಬಂದೇ ಬಿಟ್ಟಳು. ಹತ್ತು ವರ್ಷದ ಮಕ್ಕಳಿಗೆ ಏನು ಕೊಡಬೇಕೆಂದು ಅಜ್ಜಂದಿರು ಯೋಚಿಸಿಯೇ ಕೊಡಬೇಕು. ಪುಟ್ಟಿಗೆ ಮೊದಲ ಸೈಕಲ್ ಕೊಡಿಸಿದವನು ನಾನೇ!

ನಾನೂ ಸೈಕಲ್ ಸವಾರನೇ. ತೀರ್ಥಹಳ್ಳಿಯ ಶಾಖೆಯಲ್ಲಿ ಗುಮಾಸ್ತನಾಗಿದ್ದಾಗ ಒಂದು ಭಾನುವಾರ ಗೆಳೆಯರೊಂದಿಗೆ ಆಗುಂಬೆ ಘಾಟಿ ಇಳಿದು, ಹತ್ತುವಾಗ ಹದಿನಾಲ್ಕು ತಿರುವಿನಲ್ಲಿ ಹನ್ನೆರಡನ್ನು ಸೈಕಲ್ ತಳ್ಳಿಕೊಂಡೇ ಏರಿದ್ದೆ. ಅದರ ಕಾರಣ ಈಗ ಗೊತ್ತಾಯಿತು. ನನ್ನ ಸೈಕಲ್ಲಿಗೆ ಪೆಡಲಿನ ಬಳಿಯ ಚಕ್ರದಲ್ಲಿ 44 ಹಲ್ಲು, ಹಿಂದೆ 18. ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗಿ ಐದು ಮೀಟರಿಗೂ ಹೆಚ್ಚು ಮುಂದೆ ಹೋಗಬೇಕು. ಸಮತಟ್ಟಿನಲ್ಲಿ ಸೊಗಸು, ಏರಿನಲ್ಲಿ ಮಂಡಿ ಮುರಿಯುತ್ತದೆ. ಪುಟ್ಟಿಯ ಸೈಕಲ್ಲಿನ ಅತಿ ಚಿಕ್ಕ ಗೇರಿನಲ್ಲಿ ಮುಂದೆ 22 ಹಲ್ಲು, ಹಿಂದೆ 34. ಒಂದು ಸುತ್ತಿಗೆ ಸುಮಾರು 1.3 ಮೀಟರ್ ಮಾತ್ರ. ಒಂದು ಕಿಲೋಮೀಟರ್ ಏರಲು ಸುಮಾರು 750 ಸಲ ತುಳಿಯಬೇಕು, ಆದರೆ ತುಳಿಯುವುದು ಹಗುರ. ಈ ಗೇರಿಗೆ ಸೈಕಲ್ ಸವಾರರು ಇಟ್ಟಿರುವ ಹೆಸರು 'ಗ್ರ್ಯಾನಿ ಗೇರ್', ಅಂದರೆ ಅಜ್ಜಿ ಗೇರು. ಅಜ್ಜ ಗೇರು ಯಾಕಿಲ್ಲ ಎಂದು ಕೇಳಿದೆ. "ಅಜ್ಜಂದಿರು ಬಸ್ಸಲ್ಲಿ ಹೋಗ್ತಾರಲ್ಲ" ಅಂದಳು.

ದಾರಿ ಸಟ್ಲೆಜ್ ನದಿಯ ಜೊತೆಜೊತೆಗೆ ಸಾಗುತ್ತದೆ. ಡಾಲ್‌ಹೌಸಿಯ ಕಾಲದಲ್ಲಿ, 1850ರಲ್ಲಿ ಶುರುವಾದ ಹಿಂದೂಸ್ತಾನ್–ಟಿಬೆಟ್ ರಸ್ತೆಯ ವಾರಸುದಾರ ಇದು. ಕೆಲವೆಡೆ ಬಂಡೆಯನ್ನು ಅರ್ಧ ಕೊರೆದು ರಸ್ತೆ ಮಾಡಿದ್ದಾರೆ. ಕಲ್ಲಿನ ಚಾವಣಿ ಬಸ್ಸಿನ ಮೇಲೇ ಬಾಗಿರುತ್ತದೆ, ಇನ್ನೊಂದು ಬದಿಯಲ್ಲಿ ನೇರ ಪ್ರಪಾತ. ನಾನು ಕಿಟಕಿ ಬಿಟ್ಟು ಈಚೆ ಸೀಟಿಗೆ ಬಂದೆ. ಕಿನ್ನೌರಿನ ರೆಕಾಂಗ್ ಪಿಯೋ ಎಂಬ ಊರಿನಲ್ಲಿ ಪುಟ್ಟಿಗಾಗಿ ಕಾದೆ. ಎದುರಿಗೇ ಕಿನ್ನರ ಕೈಲಾಸ. ಬೆಳಿಗ್ಗೆ ಎದ್ದು ಚಹಾ ಹಿಡಿದು ಕೂತರೆ ಹತ್ತು ಗಂಟೆಯಾದದ್ದೇ ತಿಳಿಯುತ್ತಿರಲಿಲ್ಲ. ಪುಟ್ಟಿ ನಾಲ್ಕನೇ ದಿನ ಬಂದಳು, ಒಂದು ದಿನ ನಿದ್ದೆ ಮಾಡಿದಳು, ಮತ್ತೆ ಹೊರಟು ಮುಂದಿನ ಪೂಹ್ ಎಂಬಲ್ಲಿ ಎರಡು ರಾತ್ರಿ ತಂಗಿದಳು. ನಾನು ಪಿಯೋದಲ್ಲೇ ಕೈಲಾಸ ನೋಡುತ್ತಾ ಉಳಿದೆ. ತಪ್ಪಾದದ್ದು ಇಲ್ಲೇ.

ಮೂರನೆಯ ಬೆಳಿಗ್ಗೆ ಅವಳು ಪೂಹ್‌ನಿಂದ, ನಾನು ಪಿಯೋದಿಂದ ಹೊರಟೆವು. ನಾಕೋದಲ್ಲಿ ಭೇಟಿ ಎಂದು ಮಾತು. ಖಾಬ್ ಎಂಬಲ್ಲಿ ಟಿಬೆಟಿನಿಂದ ಬರುವ ಸಟ್ಲೆಜ್‌ಗೆ ಸ್ಪಿತಿ ನದಿ ಬಂದು ಸೇರುತ್ತದೆ. ಸೇತುವೆ ದಾಟಿದ್ದೇ ರಸ್ತೆ ಬೋಳು ಗುಡ್ಡದ ಮೈಮೇಲೆ ಹಾವಿನಂತೆ ಸುತ್ತಿಕೊಂಡು ಏರತೊಡಗುತ್ತದೆ. ಅಲ್ಲಿಂದ ನಾಕೋಗೆ ಸಾವಿರ ಮೀಟರಿಗೂ ಹೆಚ್ಚಿನ ಏರು. ಒಂದು ಮರವಿಲ್ಲ. ನಮ್ಮ ಮುಂಗಾರಿನ ಮೋಡಗಳು ಹಿಮಾಲಯದ ದಕ್ಷಿಣದ ಗೋಡೆಗೇ ತಾಗಿ ಖಾಲಿಯಾಗಿಬಿಡುವುದರಿಂದ ಈಚೆ ಬದಿಗೆ ಮಳೆಯೇ ಬಾರದು. ಆಗುಂಬೆಯ ಮಳೆ ಕಂಡವನಿಗೆ ಆ ಬರಡು ಬೆಟ್ಟ ನೋಡಿ ಗಂಟಲೊಣಗಿತು. ಬಸ್ಸಿನಿಂದ ಪುಟ್ಟಿಯನ್ನು ಕಂಡೆ. ತಿರುವಿನಲ್ಲಿ ಒಂದು ಹಳದಿ ಜಾಕೆಟ್ಟು, ಇರುವೆಯಂತೆ. ಕೂಗಿದೆ. ಅವಳಿಗೆ ಕೇಳಿಸಲಿಲ್ಲ.

ನಾಕೋ 3,660 ಮೀಟರ್ ಎತ್ತರದ ಹಳ್ಳಿ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್ ಎಂದರೆ ಲೆಕ್ಕ ಹಾಕಿಕೊಳ್ಳಿ. ಊರಿನ ಪಕ್ಕದಲ್ಲಿ ಮರಗಳ ನಡುವೆ ಒಂದು ಚೆಂದದ ಕೆರೆಯಿದೆಯಂತೆ. ನಾನು ನೋಡಲು ಹೋಗಲಿಲ್ಲ. ಪುಟ್ಟಿ ಬರುವ ರಸ್ತೆ ಬಿಟ್ಟು ಕದಲುವ ಮನಸ್ಸಾಗಲಿಲ್ಲ.

ನಾಲ್ಕಕ್ಕೆ ಬರಬೇಕಿತ್ತು. ಐದಾಯಿತು. ಫೋನಿಗೆ ಸಿಗ್ನಲ್ ಇಲ್ಲ. ಮಧ್ಯಾಹ್ನ ಎದ್ದ ಗಾಳಿ ಧೂಳೆಬ್ಬಿಸುತ್ತಿತ್ತು. ಕೆಳಗೆ ಕಲ್ಲು ಬೀಳುತ್ತಿದೆ, ರಸ್ತೆ ಕಟ್ಟಿದೆ ಎಂದು ಒಬ್ಬ ಲಾರಿ ಚಾಲಕ ಹೇಳಿ ಹೋದ. ನನ್ನ ತಲೆ ಸಿಡಿಯತೊಡಗಿತು. ಮಗಳಿಗೆ ಏನೆಂದು ಹೇಳಲಿ ಎಂಬ ಯೋಚನೆಯಲ್ಲಿ ಹೊಟ್ಟೆ ತೊಳಸಿದಂತಾಯಿತು. ಚಿಂತೆಗೇ ಹೀಗಾಗುತ್ತಿದೆ ಎಂದುಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತೆ.

ಏಳು ಗಂಟೆಗೆ, ಬೆಳಕು ಆರುವ ಹೊತ್ತಿಗೆ ಹಳದಿ ಜಾಕೆಟ್ಟು ಬಂತು. ಕಲ್ಲು ತೆಗೆಯುವವರೆಗೆ ಮೂರು ಗಂಟೆ ಕಾಯಿಸಿದರಂತೆ. ರಸ್ತೆ ಕೆಲಸಕ್ಕೆಂದು ಜಾರ್ಖಂಡಿನಿಂದ ಅಷ್ಟು ದೂರ ಬಂದ ಕೂಲಿಗಳು ತಮ್ಮ ಚಹಾದಲ್ಲಿ ಅವಳಿಗೂ ಒಂದು ಲೋಟ ಕೊಟ್ಟರಂತೆ. ಧೂಳು ಮೆತ್ತಿದ ಮುಖದಲ್ಲಿ ನಗುತ್ತಾ ಬಂದವಳು ನನ್ನನ್ನು ನೋಡಿ ನಗು ನಿಲ್ಲಿಸಿದಳು.

"ಅಜ್ಜ, ತಲೆ ನೋಯ್ತಿದೆಯಾ? ವಾಕರಿಕೆ ಬರ್ತಿದೆಯಾ?"

"ನಿನ್ನ ಚಿಂತೇಲಿ ಕಣೆ."

"ಚಿಂತೆಯಲ್ಲ ಅಜ್ಜ, ಇದು ಎತ್ತರದ ಕಾಯಿಲೆ."

ಅಷ್ಟು ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಪ್ರಾಣವಾಯು ಸಮುದ್ರ ಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಭಾಗ ಮಾತ್ರ. ಮೈ ಅದಕ್ಕೆ ಹೊಂದಿಕೊಳ್ಳಲು ದಿನಗಳು ಬೇಕು. 3,000 ಮೀಟರ್ ದಾಟಿದ ಮೇಲೆ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಎತ್ತರಕ್ಕೆ ಹೋಗಿ ಮಲಗಬಾರದು ಎನ್ನುತ್ತಾರೆ ತಿಳಿದವರು. ಅವಳು ಮೆಟ್ಟಿಲು ಮೆಟ್ಟಿಲಾಗಿ ಏರಿ ಬಂದಿದ್ದಳು. ನಾನು 2,290 ಮೀಟರಿನ ಪಿಯೋದಲ್ಲಿ ಆರಾಮವಾಗಿದ್ದು, ಒಂದೇ ದಿನ ಬಸ್ಸಿನಲ್ಲಿ ಕೂತು 1,370 ಮೀಟರ್ ಹಾರಿದ್ದೆ! ಇದಕ್ಕೆ ವಯಸ್ಸಿನ ಹಂಗೂ ಇಲ್ಲ, ಗಟ್ಟಿಮುಟ್ಟಾದ ಹುಡುಗರನ್ನೂ ಮಲಗಿಸುತ್ತದೆ. ಹೋಗುವ ಅಜ್ಜ ಅಜ್ಜಿಯರು ದಾರಿಯಲ್ಲಿ ಒಂದೆರಡು ರಾತ್ರಿ ಹೆಚ್ಚಿಗೆ ಕಳೆಯಿರಿ. ಮನಾಲಿಯ ಕಡೆಯಿಂದ ಹೋದರೆ 4,551 ಮೀಟರಿನ ಕುಂಜುಮ್ ಕಣಿವೆ ಮಾರ್ಗ ಮೊದಲೇ ಎದುರಾಗುತ್ತದೆ; ಶಿಮ್ಲಾದ ದಾರಿಯೇ ಮೇಲು.

ಆ ರಾತ್ರಿ ಎರಡು ಸಲ ವಾಂತಿಯಾಯಿತು. ಪುಟ್ಟಿ ಮಲಗಲೇ ಇಲ್ಲ. ಗಂಟೆಗೊಮ್ಮೆ ನನ್ನನ್ನು ಎಬ್ಬಿಸಿ, ನನ್ನ ಹುಟ್ಟಿದ ತಾರೀಕು, ಕೆಲಸ ಮಾಡಿದ ಶಾಖೆಗಳ ಹೆಸರು ಕೇಳುತ್ತಿದ್ದಳು. ಬುದ್ಧಿ ಸ್ಥಿಮಿತದಲ್ಲಿದೆಯೇ ಎಂಬ ಪರೀಕ್ಷೆ. ಒಂಬತ್ತೂ ಶಾಖೆ ಸರಿಯಾಗಿ ಹೇಳಿದೆ. ಬೆಳಗಿನ ಹೊತ್ತಿಗೂ ತಲೆನೋವು ಇಳಿಯಲಿಲ್ಲ. ಕೆಳಗಿಳಿಯುವುದೇ ಮದ್ದು. 3,280 ಮೀಟರಿನ ತಾಬೋಗೆ ಜೀಪು ಗೊತ್ತು ಮಾಡಿದಳು.

ನನಗೆ ಗೊತ್ತಿತ್ತು, ಶಿಮ್ಲಾದಿಂದ ಕಾಜಾವರೆಗೆ ಒಂದಡಿಯನ್ನೂ ಬೇರೆ ಗಾಡಿಯಲ್ಲಿ ಹೋಗಬಾರದೆಂಬುದು ಅವಳ ಪಣ. "ನಾನೊಬ್ಬನೇ ಜೀಪಿನಲ್ಲಿ ಹೋಗ್ತೀನಿ, ನೀನು ತುಳ್ಕೊಂಡು ಬಾ" ಅಂದೆ.

"ಒಂದೇ ಗಾಡಿ ಅಂತ ಅಮ್ಮ ಹಾಕಿದ ಷರತ್ತು ನಿನಗೂ ಅನ್ವಯ ಅಜ್ಜ" ಎಂದು ಸೈಕಲ್ಲನ್ನು ಜೀಪಿನ ಮೇಲೆ ಕಟ್ಟಿಸಿದಳು.

ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದಳು. ಮರ್ಫಿಯೂ ಕೆಲವೆಡೆ ಲಾರಿ, ಬಸ್ಸು ಹತ್ತಿದ್ದಳಲ್ಲವೇ ಎಂದು ಸಮಾಧಾನ ಹೇಳಹೋದೆ. "ಅವಳ ಲೆಕ್ಕ ಅವಳದು" ಅಂದಳು. ನನ್ನ ಜೇಬಿನಲ್ಲಿ ದಿನದ ದೂರ, ಖರ್ಚು ಬರೆಯುವ ಪುಸ್ತಕವಿತ್ತು. ಅವತ್ತು 'ನಾಕೋ–ತಾಬೋ, 65 ಕಿ.ಮೀ.' ಎಂದು ಬರೆದು, ಅವಳ ಹೆಸರಿನ ಕಾಲಮ್ಮನ್ನು ಖಾಲಿ ಬಿಟ್ಟೆ. ಸೊನ್ನೆ ಹಾಕಲು ಕೈ ಬರಲಿಲ್ಲ.

ತಾಬೋಗೆ ಬಂದು ಒಂದು ರಾತ್ರಿ ಕಳೆಯುವುದರೊಳಗೆ ನಾನು ಮನುಷ್ಯನಾದೆ. ಅಲ್ಲಿಯ ಬೌದ್ಧ ವಿಹಾರ 996ರಲ್ಲಿ ಕಟ್ಟಿದ್ದು. ಹೊರಗಿನಿಂದ ಬರೀ ಮಣ್ಣಿನ ಗೋಡೆ. ಒಳಗೆ ಕತ್ತಲಲ್ಲಿ ಕಣ್ಣು ಹೊಂದಿಕೊಳ್ಳುತ್ತಿದ್ದಂತೆ ಗೋಡೆಯ ತುಂಬ ಬಣ್ಣದ ಚಿತ್ರಗಳು ಒಂದೊಂದಾಗಿ ಹೊರಬರುತ್ತವೆ. ಮಳೆಯಿಲ್ಲದ ಬರಡು ನಾಡೆಂದು ಬೈದುಕೊಂಡಿದ್ದೆ. ಮಳೆ ಬರುವ ಊರಾಗಿದ್ದರೆ ಈ ಮಣ್ಣಿನ ಗೋಡೆ ಸಾವಿರ ವರ್ಷ ನಿಲ್ಲುತ್ತಿತ್ತೇ?

ಮೂರನೆಯ ದಿನ ಬೆಳಿಗ್ಗೆ ಪುಟ್ಟಿ ಕೇಳಿದಳು, "ಅಜ್ಜ, ಇವತ್ತೊಂದು ದಿನ ಒಬ್ಬನೇ ಇರ್ತೀಯಾ?"

ಕಾಜಾದಿಂದ ವಾಪಸು ಪಿಯೋಗೆ ಹೋಗುವ ಬಸ್ಸಿನ ನೆತ್ತಿಗೆ ಸೈಕಲ್ ಹತ್ತಿಸಿ ನಾಕೋಗೆ ಹೋದಳು. ನಾನು ವಿಹಾರದ ಅಂಗಳದಲ್ಲಿ ಕೂತೆ. ಎಷ್ಟು ಹೊತ್ತಿಗೆ ಬರುತ್ತೀ ಎಂದು ಈ ಸಲ ಕೇಳಿರಲಿಲ್ಲ. ಆದರೂ ಮಲ್ಲಿಂಗ್ ನಾಲಾ ನೆನಪಾಗುತ್ತಲೇ ಇತ್ತು. ಬಿಸಿಲೇರಿದಂತೆ ಹಿಮ ಕರಗಿ ಆ ತೊರೆಗಳಲ್ಲಿ ನೀರು ಹೆಚ್ಚುತ್ತದೆ. ಐದೂಮುಕ್ಕಾಲಿಗೆ ಬಂದಳು, ಮಂಡಿಯವರೆಗೆ ಒದ್ದೆ.

ಪುಸ್ತಕ ತೆಗೆದೆ. ಅವಳು ಸೈಕಲ್ಲಿನ ಮೀಟರ್ ನೋಡಿ ಹೇಳಿದಳು, "ಬರ್ಕೋ, 66.3."

"ನನ್ನ ಪುಸ್ತಕದಲ್ಲಿ 65 ಇದೆ. 1.3 ವ್ಯತ್ಯಾಸ. ಟ್ಯಾಲಿ ಆಗಲ್ಲ."

"ಹೊರಡೋ ಮುಂಚೆ ಕೆರೆ ಹತ್ರ ಹೋಗಿ ಬಂದೆ. ನೀನು ನೋಡಲಿಲ್ವಲ್ಲ" ಎಂದು ಫೋನು ತೆಗೆದು ಫೋಟೋ ತೋರಿಸಿದಳು. ಮರಗಳ ನೆರಳು, ನೀರು, ಹಿಂದೆ ಬೋಳು ಬೆಟ್ಟ.

ಬೇರೆ ಸಾಲು ಹಾಕಿ 'ನಾಕೋ ಕೆರೆ, 1.3' ಎಂದು ಬರೆದೆ.