ಕೈಗೆ ಬಂದ ಪ್ಲೇಟು

ನಮ್ಮ ಮನೆಯ ನಡುಕೋಣೆಯಲ್ಲಿ ಹಲಸಿನ ಮರದ ಪೆಟ್ಟಿಗೆಯೊಂದಿದೆ. ನಮ್ಮ ತಂದೆಯವರು ಕೂಡಿಟ್ಟ ಗ್ರಾಮಫೋನು ಪ್ಲೇಟುಗಳಲ್ಲಿ ಒಡೆದುಹೋದುವನ್ನು ಬಿಟ್ಟು ಅರುವತ್ತೆರಡು ಅದರಲ್ಲಿ ಉಳಿದಿವೆ. ತಂದೆಯವರು ತಾಲ್ಲೂಕು ಕಚೇರಿಯ ಶಿರಸ್ತೇದಾರರಾಗಿದ್ದವರು. ಸಂಗೀತವನ್ನೂ ಅವರು ದಫ್ತರದಂತೆಯೇ ಇಟ್ಟಿದ್ದರು. ಒಂದೊಂದು ಪ್ಲೇಟಿಗೂ ಕೆಂಪು ಶಾಯಿಯ ನಂಬರು; ಮೊದಲು ಗಣಪತಿ ಸ್ತುತಿ, ಬಳಿಕ ಕೀರ್ತನೆಗಳು, ದೇವರನಾಮಗಳು, ಕಟ್ಟಕಡೆಗೆ ನಾಟಕದ ಹಾಡುಗಳು. ಜೊತೆಗೆ ಒಂದು ಲೆಕ್ಕದ ಪುಸ್ತಕ: ಯಾವ ದಿನ ಯಾವ ಪ್ಲೇಟು ಹಾಕಿತು, ಎಷ್ಟು ಮುಳ್ಳು ಖರ್ಚಾಯಿತು ಎಂಬುದೆಲ್ಲ ಅದರಲ್ಲಿ ದಾಖಲು. ಉಕ್ಕಿನ ಮುಳ್ಳನ್ನು ಒಂದು ಮಗ್ಗುಲಿಗೆ ಒಂದರಂತೆ ಬದಲಿಸಬೇಕು, ಇಲ್ಲವಾದರೆ ಮೊಂಡಾದ ಮೊನೆ ಅರಗಿನ ಗೆರೆಗಳನ್ನು ಕೊರೆದುಬಿಡುತ್ತದೆ ಎಂಬುದು ಅವರ ಕಟ್ಟಾಜ್ಞೆ. ಕಚೇರಿಗೆ ಹೊರಡುವಾಗ ಯಂತ್ರಕ್ಕೆ ಕೀ ಕೊಡುವ ಹಿಡಿಯನ್ನು ಕಳಚಿ ಕೋಟಿನ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಅವರ ಮಿತವ್ಯಯಕ್ಕೆ ನಿದರ್ಶನವಾಗಿ ಈ ಸಂಗತಿಯನ್ನು ನಾನು ಮದುವೆಮನೆಗಳಲ್ಲಿ ಹೇಳಿ ಎಷ್ಟೋ ಜನರನ್ನು ನಗಿಸಿದ್ದೇನೆ.

ಕಳೆದ ಬೇಸಗೆಯಲ್ಲಿ ಮೊಮ್ಮಗ ಬಂದಿದ್ದ. ಅವನ ಮೊಬೈಲು ಸಾವಿರಾರು ಹಾಡುಗಳನ್ನು ತನಗೆ ತೋಚಿದ ಕ್ರಮದಲ್ಲಿ ಹಾಡುತ್ತದೆ. ಅದಕ್ಕೆ ಷಫಲ್ ಎಂದು ಹೆಸರಂತೆ. ನಾನಾದರೋ ಈ ಎಪ್ಪತ್ತೊಂಬತ್ತು ವರ್ಷಗಳಲ್ಲಿ ಪ್ಲೇಟುಗಳನ್ನು ನಂಬರಿನ ಕ್ರಮ ಬಿಟ್ಟು ಕೇಳಿದವನಲ್ಲ. "ತಾತ, ನೀವೂ ಒಂದು ಸಲ ಕಣ್ಣುಮುಚ್ಚಿ ತೆಗೆದು ಹಾಕಿ ನೋಡಿ" ಎಂದು ಅವನು ಹಟ ಹಿಡಿದ. ಅವನು ಊರಿಗೆ ಹೋದ ಮೇಲೂ ಸಂಜೆ ಸಂಜೆ ಹಾಗೆ ಪೆಟ್ಟಿಗೆಗೆ ಕೈಹಾಕುವುದು ನನಗೆ ಚಟವಾಯಿತು.

ಅಡ್ಡಾದಿಡ್ಡಿಯಾಗಿ ಕೇಳುವುದರಲ್ಲಿ ಒಂದು ಸುಖವುಂಟು. ಚೌಡಯ್ಯನವರ ಏಳು ತಂತಿಯ ಪಿಟೀಲಿನ ಗಾಂಭೀರ್ಯ ಕಿವಿಯಲ್ಲಿನ್ನೂ ಮೊಳಗುತ್ತಿರುವಾಗಲೇ ಯಾವುದೋ ನಾಟಕದ ಹಾಸ್ಯಗಾರ ಕೀರಲು ದನಿಯಲ್ಲಿ ಹೆಂಡತಿಯನ್ನು ಕರೆಯತೊಡಗುತ್ತಾನೆ. ಅವನ ಹಿಂದೆಯೇ ಕಾಳಿಂಗರಾಯರು, ಮೋಹನಕುಮಾರಿ ಸೋಹನಕುಮಾರಿ ಸೋದರಿಯರೊಡನೆ, ಭಾವಗೀತವೊಂದನ್ನು ಹಿಡಿದು ಬರುತ್ತಾರೆ. ನಿಮಿಷಕ್ಕೆ 78 ಸುತ್ತು, ಮಗ್ಗುಲಿಗೆ ಮೂರು ನಿಮಿಷ. ಅಷ್ಟರೊಳಗೆ ರಾಗವನ್ನು ತೋರಿಸಿ, ಹಾಡಿ, ಮುಗಿಸಿ ಎದ್ದುಹೋಗಬೇಕು. ಆ ಅವಸರದಲ್ಲಿಯೂ ಒಂದು ಬಗೆಯ ಮರ್ಯಾದೆಯಿತ್ತೆಂದು ನನಗೆ ತೋರುತ್ತದೆ. ಈಗಿನ ಕಚೇರಿಗಳ ಕೆಲವು ಆಲಾಪನೆಗಳನ್ನು ಕೇಳುವಾಗ ಆ ಮೂರು ನಿಮಿಷದ ಕಟ್ಟನ್ನು ನೆನೆದು ನಿಟ್ಟುಸಿರಿಟ್ಟದ್ದೂ ಉಂಟು.

ಒಂದು ಸಂಜೆ ಗೌಹರ್ ಜಾನ್ ಬಂದಳು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಮಹಾಗಾಯಕಿ ಆಕೆ. ಹಾಡು ಮುಗಿದೊಡನೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಕೂಗಿ ಹೇಳುವುದು ಅವಳ ಪದ್ಧತಿ. ಆಗ ಪ್ಲೇಟುಗಳು ಒತ್ತಲ್ಪಡುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಹಾಡಿದವರಾರೆಂದು ತಿಳಿಯಬೇಕಲ್ಲ! ಕೊನೆಗಾಲದಲ್ಲಿ ಆಕೆ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಆ ಊರಿನಲ್ಲಿಯೇ ತೀರಿಕೊಂಡಳು. ಹೆಸರು ಮಾತ್ರ ಈಗಲೂ ನನ್ನ ನಡುಕೋಣೆಯಲ್ಲಿ ನಿಸ್ಸಂಕೋಚವಾಗಿ ಮೊಳಗುತ್ತದೆ.

ಅದರ ಮರುದಿನ ಕೈಗೆ ಬಂದದ್ದು ನಲವತ್ತೊಂದನೆಯ ನಂಬರು. ಬೆಳಕಿಗೆ ಹಿಡಿದು ನೋಡಿದೆ. ಬೇರೆ ಪ್ಲೇಟುಗಳೆಲ್ಲ ಕಾಡಿಗೆಯಂತೆ ಮಿರುಗುತ್ತಿದ್ದರೆ ಇದು ಬೂದಿ ಬಳಿದಂತೆ ಬೆಳ್ಳಗಾಗಿತ್ತು. ನಡುವಿನ ಕಾಗದ ಬೆರಳು ಸೋಕಿ ಸೋಕಿ ಅಕ್ಷರವೇ ಅಳಿಸಿಹೋಗಿತ್ತು. ಹೆಸರೇನೆಂದು ತಂದೆಯವರ ಪುಸ್ತಕವನ್ನು ತೆರೆದೆ. ವಿದ್ವಾಂಸರ ಹೆಸರುಗಳನ್ನೆಲ್ಲ ಬಿರುದುಸಹಿತ ಬರೆದಿದ್ದ ಅವರು ಇಲ್ಲಿ "ಸ್ತ್ರೀಕಂಠ. ಸಾಧಾರಣ" ಎಂದಷ್ಟೇ ಬರೆದು ಬಿಟ್ಟಿದ್ದರು. ಲೆಕ್ಕದ ಪ್ರಕಾರ ಆ ಪ್ಲೇಟಿಗೆ ಖರ್ಚಾದ ಮುಳ್ಳುಗಳು ಒಟ್ಟು ನಾಲ್ಕು. ನಾಲ್ಕು ಮುಳ್ಳಿನಿಂದ ಪ್ಲೇಟು ಹಾಗೆ ಸವೆಯುವುದುಂಟೆ?

ರಾತ್ರಿ ಶಿವಮೊಗ್ಗೆಯಲ್ಲಿರುವ ಅಕ್ಕನಿಗೆ ಫೋನು ಮಾಡಿದೆ. ಅವಳಿಗೀಗ ಎಂಬತ್ತೈದು. ನಂಬರು ಹೇಳಿದೊಡನೆ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅದು ಅಮ್ಮನ ಪ್ಲೇಟು ಕಣೋ. ಅಪ್ಪ ಕಚೇರಿಗೆ ಹೋದಮೇಲೆ ದಿನಾ ಹಾಕಿ ಪಾಠ ಮಾಡಿಕೊಳ್ಳುತ್ತಿದ್ದಳು. ಹೊಸ ಮುಳ್ಳು ತೆಗೆದರೆ ಲೆಕ್ಕದಲ್ಲಿ ಸಿಕ್ಕಿಬೀಳುತ್ತೀನಿ ಅಂತ, ಅಪ್ಪ ಎಸೆದ ಹಳೇ ಮುಳ್ಳುಗಳನ್ನೇ ಆರಿಸಿ ಸಾಸಿವೆ ಡಬ್ಬದಲ್ಲಿ ಇಟ್ಟುಕೊಂಡಿದ್ದಳು."

ಅಮ್ಮ ಹಾಡುತ್ತಿದ್ದಳೆಂಬುದೇ ನನಗೆ ತಿಳಿಯದೆಂದೆ. ಆರತಿಯ ಹಾಡಿಗೆ ಕೂಡ ಅವಳು ಬಾಯಿ ತೆರೆದದ್ದನ್ನು ನಾನು ಕಂಡವನಲ್ಲ.

"ನಿನಗೆ ಜ್ಞಾಪಕವಿಲ್ಲವೇನೋ? ಅಪ್ಪನಿಗೆ ಹೇಳಿದವನು ನೀನೇ ಅಲ್ಲವೇ?"

ಆಗ ನೆನಪಾಯಿತು, ಅಥವಾ ಅಷ್ಟು ವರ್ಷ ನೆನಪಾಗದಂತೆ ಇಟ್ಟಿದ್ದೆನೋ ಏನೋ. 1953ನೆಯ ಇಸವಿಯಿರಬೇಕು, ನನಗೆ ಏಳು ವರ್ಷ. ಜ್ವರದಿಂದ ಶಾಲೆಗೆ ಹೋಗದೆ ಕಂಬಳಿ ಹೊದ್ದು ಮಲಗಿದ್ದೆ. ಮಧ್ಯಾಹ್ನ ನಡುಕೋಣೆಯಿಂದ ಎರಡು ದನಿಗಳು ಕೇಳಿಬಂದುವು. ಒಂದು ಪೆಟ್ಟಿಗೆಯದು, ಇನ್ನೊಂದು ಅದರ ಬೆನ್ನಿಗೇ, ಕೊಂಚ ತಡವಾಗಿ, ತಗ್ಗಿದ ದನಿಯಲ್ಲಿ ನಡೆಯುತ್ತಿತ್ತು. ಸಂಜೆ ತಂದೆಯವರು ರುಮಾಲು ತೆಗೆದಿಡುವಷ್ಟರಲ್ಲಿ ಹೋಗಿ, "ಅಪ್ಪಾ, ಇವತ್ತು ಅಮ್ಮ ಪ್ಲೇಟಿನ ಜೊತೆ ಹಾಡಿದಳು" ಎಂದೆ. ಚಾಡಿ ಹೇಳಬೇಕೆಂದಲ್ಲ, ಆಶ್ಚರ್ಯದ ಸುದ್ದಿಯೆಂದು ಹೇಳಿದ್ದೆ. ತಂದೆಯವರು ಗದರಲಿಲ್ಲ, ಯಾರನ್ನೂ ಏನನ್ನೂ ಕೇಳಲಿಲ್ಲ. ಹಿಡಿ ಅವರ ಕೋಟಿನ ಜೇಬು ಸೇರಿದುದು ಮರುದಿನ ಬೆಳಗ್ಗೆಯಿಂದ.

ಅಮ್ಮ ಅದಾದಮೇಲೆ ಮೂವತ್ತೊಂದು ವರ್ಷ ಬದುಕಿದ್ದಳು. ಈ ವಿಷಯವಾಗಿ ನನ್ನನ್ನು ಒಂದು ಮಾತೂ ಅಂದವಳಲ್ಲ. ಹಿಡಿಯ ಕಥೆಯನ್ನು ನಾನು ಮದುವೆಮನೆಗಳಲ್ಲಿ ಹೇಳುವಾಗ ಎಷ್ಟೋ ಸಲ ಅವಳು ಅಲ್ಲಿಯೇ ಕುಳಿತು ಹೂ ಕಟ್ಟುತ್ತಿದ್ದಳು.

ಫೋನಿಟ್ಟ ಮೇಲೆ ಹೊಸ ಮುಳ್ಳು ಸಿಕ್ಕಿಸಿ ಆ ಪ್ಲೇಟನ್ನು ಹಾಕಿದೆ. ಮೊದಮೊದಲು ಹಂಚಿನ ಮೇಲೆ ಮಳೆ ಸುರಿದಂತಹ ಸದ್ದು ಮಾತ್ರ. ಬಳಿಕ ಬಹುದೂರದಿಂದ, ಹೊಳೆಯ ಆಚೆಯ ದಡದಲ್ಲಿ ಯಾರೋ ಹಾಡುತ್ತಿರುವಂತೆ, ಹೆಂಗಸಿನ ದನಿಯೊಂದು ಎದ್ದಿತು. ಸಾಹಿತ್ಯ ತಿಳಿಯುವಂತಿರಲಿಲ್ಲ; ರಾಗ ಮೋಹನವೆಂದು ತೋರಿತು. ಒಂದು ಸಂಗತಿಯ ಬಳಿ ಗೆರೆ ತೀರ ಸವೆದು ಮುಳ್ಳು ಹಿಂದಕ್ಕೆ ಜಾರಿ, ಅದನ್ನೇ ಮತ್ತೆ ಮತ್ತೆ ಹಾಡತೊಡಗಿತು. ಕಷ್ಟದ ಸಂಗತಿಯದು. ಅದು ಒಲಿಯದೆ ಅಮ್ಮ ಮುಳ್ಳನ್ನೆತ್ತಿ ಎತ್ತಿ ಅಲ್ಲಿಗೇ ಇಟ್ಟಿರಬೇಕು. ಹೊರಸುತ್ತಿನಲ್ಲಾಗಲಿ ಒಳಸುತ್ತಿನಲ್ಲಾಗಲಿ ಪ್ಲೇಟು ಅಷ್ಟು ಬೆಳ್ಳಗಾಗಿಲ್ಲ.

ಅಕ್ಕ ದೀಪಾವಳಿಗೆ ಬರುತ್ತಾಳೆ. ತಾನು ಬರುವವರೆಗೆ ಆ ಪ್ಲೇಟನ್ನು ಹಾಕಕೂಡದೆಂದೂ ಉಳಿದಿರುವುದೂ ಸವೆದುಹೋದೀತೆಂದೂ ಮಾರನೆಯ ದಿನ ಅವಳೇ ಫೋನು ಮಾಡಿ ಎಚ್ಚರಿಸಿದಳು. ಆಗಲಿ ಎಂದೆ. ಅಷ್ಟರಲ್ಲಿ ಮೂರು ಸಲ ಹಾಕಿಯಾಗಿತ್ತೆಂಬುದನ್ನು ಹೇಳಲಿಲ್ಲ.