ಶನಿವಾರ ಗೆಳೆಯನ ಊರಿಗೆ

ದಾವಣಗೆರೆಯ ಹಾಸ್ಟೆಲಿನಲ್ಲಿ ಓದುವ ಮಲೆಬೆನ್ನೂರಿನ ಹುಡುಗ ಶನಿವಾರ ಹರಿಹರದ ಮೇಲೆ ಹಾಯ್ದು ಮನೆ ಸೇರುತ್ತಾನೆ. ಅದೇ ಹುಡುಗ ಜರ್ಮನಿಗೆ ಓದಲು ಹೋದರೆ ಶನಿವಾರ ಹೋಗುವುದು ಗೆಳೆಯನ ರೂಮಿಗೆ.

ಅಲ್ಲಿ ಇದಕ್ಕೆ ಅನುಕೂಲವೂ ಇದೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದ ‘ಡಾಯ್ಚ್‌ಲಾಂಡ್ ಟಿಕೆಟ್’ ತಿಂಗಳ ಪಾಸಿಗೆ 2026ರ ಜನವರಿಯಿಂದ 63 ಯೂರೋ. ಹಲವು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಇನ್ನೂ ಕಡಿಮೆ. ಈ ಪಾಸಿನಲ್ಲಿ ದೇಶದ ಸಿಟಿ ಬಸ್ಸು, ಮೆಟ್ರೋ, ಪ್ರಾದೇಶಿಕ ರೈಲುಗಳಲ್ಲಿ ಓಡಾಡಬಹುದು. ಐಸಿಇಯಂಥ ವೇಗದ ರೈಲು ಮಾತ್ರ ಹತ್ತುವಂತಿಲ್ಲ. ಮ್ಯೂನಿಕ್‌ನಿಂದ ನ್ಯೂರೆಂಬರ್ಗಿಗೆ ಐಸಿಇಯಲ್ಲಿ ಸುಮಾರು ಒಂದು ತಾಸು, ಪ್ರಾದೇಶಿಕ ರೈಲಿನಲ್ಲಿ ಎರಡು ತಾಸಿಗೆ ಹತ್ತಿರ. ವಿದ್ಯಾರ್ಥಿ ಹೊತ್ತು ಕೊಟ್ಟು ದುಡ್ಡು ಉಳಿಸುತ್ತಾನೆ.

ಗೆಳೆಯನ ರೂಮು ಸೇರಿದ ಮೇಲೆ ಅಡುಗೆಯ ಮಾತು. ಭಾನುವಾರ ಜರ್ಮನಿಯಲ್ಲಿ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಅದಕ್ಕೇ ಈರುಳ್ಳಿ, ಟೊಮೆಟೊ ಶನಿವಾರವೇ ತಂದಿಡಬೇಕು. ಊರಿಂದ ಕಟ್ಟಿಸಿಕೊಂಡು ಬಂದ ಮಂಡಕ್ಕಿ ಬ್ಯಾಗಿನಲ್ಲಿದ್ದರೆ ಒಗ್ಗರಣೆ ಹಾಕಿ, ಮೇಲೆ ಹುರಿಗಡಲೆ ಪುಡಿ ಉದುರಿಸಿ, ಇಬ್ಬರೂ ಒಂದೇ ತಟ್ಟೆಯಲ್ಲಿ ತಿನ್ನುತ್ತಾರೆ. ವಾರವಿಡೀ ಆಡದ ಕನ್ನಡ ಅವತ್ತು ಬಾಯಿತುಂಬ.

ಹೀಗಾಗಿ ಇದು ಬರೀ ತಿರುಗಾಟವಲ್ಲ. ಪರದೇಶದ ಒಂಟಿತನಕ್ಕೆ ವಿದ್ಯಾರ್ಥಿಗಳೇ ಕಂಡುಕೊಂಡ ಮದ್ದು. ಮಗ ಅಥವಾ ಮಗಳು ‘ಫ್ರೆಂಡ್ ಊರಿಗೆ ಹೊಂಟೀನಿ’ ಅಂದಾಗ ಖರ್ಚಿನ ಲೆಕ್ಕ ಕೇಳುವ ಮೊದಲು ‘ಹುಷಾರಾಗಿ ಹೋಗಿ ಬಾ’ ಅನ್ನಿ. ನಿಮ್ಮ ಮನೆಯ ಮಕ್ಕಳೂ ಹೊರದೇಶದಲ್ಲಿದ್ದರೆ ಅವರ ಶನಿವಾರ ಹೇಗಿರುತ್ತದೆ, ಹೇಳಿ.