ಮೊರದ ಮುಂದೆ ಕೂತ ಮಗು

ಅವರೆಕಾಯಿ ಕಾಲ ಬಂತೆಂದರೆ ಬೆಂಗಳೂರು, ಮೈಸೂರು, ಕೋಲಾರದ ಕಡೆಯ ಮನೆಗಳಲ್ಲಿ ಎಷ್ಟು ಕೈಗಳಿದ್ದರೂ ಸಾಲದು. ಸೊಗಡಿನ ಕಾಯಿ ಹುಡುಕಿ ತರಬೇಕು, ಸುಲಿಯಬೇಕು, ಕಾಳು ನೆನೆಹಾಕಬೇಕು, ಆಮೇಲೆ ಒಂದೊಂದನ್ನೇ ಬೆರಳ ನಡುವೆ ಹಿದುಕಿ ಸಿಪ್ಪೆ ಬೇರೆ, ಬೇಳೆ ಬೇರೆ ಮಾಡಬೇಕು. ಹಿದುಕಿದ ಬೇಳೆ ಸಾರು ಉಂಡವರಿಗೆ ಇದೇನೂ ದೊಡ್ಡ ಕಷ್ಟವಲ್ಲ ಬಿಡಿ. ಸಾರಿನ ಮಾತು ಹಿಡಿದರೆ ಇಲ್ಲೇ ಕತ್ತಲಾಗುತ್ತದೆ. ನಾನು ಹೇಳಹೊರಟಿದ್ದು ಬೇರೆ. ದೊಡ್ಡವರು ಮೊರದ ಸುತ್ತ ಕೂತಿರುವಾಗ ಮೂರು ವರ್ಷದ ಕೂಸೊಂದು ನುಸುಳಿ ಬಂದು "ನಾನೂ ಮಾಡ್ತೀನಿ" ಅನ್ನುತ್ತದಲ್ಲ, ಆಗ ನಾವು ಏನನ್ನುತ್ತೇವೆ? "ಹೋಗು ಪುಟ್ಟ, ಆಟ ಆಡ್ಕೋ." ಆಡಲು ಏನು ಕೊಟ್ಟಿರುತ್ತೇವೆ? ಪ್ಲಾಸ್ಟಿಕ್ ಒಲೆ, ಪ್ಲಾಸ್ಟಿಕ್ ಕುಕ್ಕರು, ಪ್ಲಾಸ್ಟಿಕ್ ಬದನೆಕಾಯಿ. ನಿಜವಾದ ಅಡುಗೆಮನೆ ನಾಲ್ಕು ಹೆಜ್ಜೆಯಾಚೆ ಇರುವಾಗ!

ಅವರೆ ಹಿದುಕುವುದನ್ನು ಸ್ವಲ್ಪ ಗಮನವಿಟ್ಟು ನೋಡಿ. ಜೋರಾಗಿ ಒತ್ತಿದರೆ ಬೇಳೆ ಚಿಮ್ಮಿ ಮಂಚದ ಕೆಳಗೆ ಸೇರುತ್ತದೆ. ಮೆಲ್ಲಗೆ ಒತ್ತಿದರೆ ಸಿಪ್ಪೆ ಬಿಡುವುದೇ ಇಲ್ಲ. ಸರಿ, ತಪ್ಪು ಎಂದು ಹೇಳಲು ಪಕ್ಕದಲ್ಲಿ ಯಾರೂ ಕೂರಬೇಕಿಲ್ಲ, ಕಾಳೇ ಹೇಳುತ್ತದೆ. ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸರಿ ಮಕ್ಕಳ ಕಲಿಕೆಯ ಸಾಮಾನುಗಳಲ್ಲಿ ತಂದದ್ದೂ ಇದೇ ಗುಣವನ್ನು. ಮರದ ದಿಮ್ಮಿಯಲ್ಲಿ ಹತ್ತು ಕುಳಿ, ಹತ್ತು ಉರುಳೆ. ಒಂದನ್ನು ತಪ್ಪು ಕುಳಿಯಲ್ಲಿ ಇಟ್ಟರೆ ಕೊನೆಗೆ ಯಾವುದೋ ಒಂದು ಉರುಳೆ ಕೂರುವುದಿಲ್ಲ. ಮಗು ತಾನೇ ತೆಗೆದು, ತಾನೇ ನೋಡಿ, ತಾನೇ ಸರಿಮಾಡುತ್ತದೆ.

ಮಾಂಟೆಸ್ಸರಿ ಓದಿದ್ದು ವೈದ್ಯಶಾಸ್ತ್ರ. ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ 1907ರ ಜನವರಿ 6ರಂದು ಅವರ ಮೊದಲ ಮಕ್ಕಳ ಮನೆ ಶುರುವಾಯಿತು. ನಮ್ಮಲ್ಲಿ ಅವರೆಕಾಯಿ ಭರಾಟೆಯ ತಿಂಗಳು ನೋಡಿ ಅದು! ಅಪ್ಪ ಅಮ್ಮ ಕೂಲಿಗೆ ಹೋದ ಮೇಲೆ ಆ ವಠಾರಗಳ ಮಕ್ಕಳು ಗೋಡೆ ಗೀಚುತ್ತಾರೆ, ಮೆಟ್ಟಿಲು ಹಾಳು ಮಾಡುತ್ತಾರೆ ಎಂಬುದು ಕಟ್ಟಡದವರ ಚಿಂತೆಯಾಗಿತ್ತು. ಎಲ್ಲೋ ಒಂದು ಕಡೆ ಕೂಡಿಹಾಕಿದರೆ ಸಾಕೆಂದು ಹುಟ್ಟಿದ ಯೋಚನೆಯಿಂದ ಎಂಥ ಕೆಲಸವಾಯಿತು!

ಅಲ್ಲಿಯ ಒಂದು ಸಂಗತಿ ನನಗೆ ಬಹಳ ಇಷ್ಟ. ಸಾಮಾನುಗಳೆಲ್ಲ ಕಪಾಟಿನಲ್ಲಿ ಬೀಗದೊಳಗೆ ಇರುತ್ತಿದ್ದವು. ಒಂದು ದಿನ ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಮೇಡಂ ಬೀಗ ಹಾಕುವುದನ್ನು ಮರೆತು, ಮರುದಿನ ತಡವಾಗಿ ಬಂದರು. ಅಷ್ಟರಲ್ಲಿ ಮಕ್ಕಳು ತಮಗೆ ಬೇಕಾದ್ದನ್ನು ತೆಗೆದುಕೊಂಡು ಕೆಲಸದಲ್ಲಿ ಮುಳುಗಿದ್ದರು. ಮೇಡಂ ಇದನ್ನು ಕಳ್ಳತನ ಅಂದುಕೊಂಡರು. ಮಾಂಟೆಸ್ಸರಿಗೆ ಕಂಡದ್ದು ಬೇರೆ: ಮಕ್ಕಳಿಗೆ ಆರಿಸಿಕೊಳ್ಳಲು ಬರುತ್ತದೆ. ಆಮೇಲೆ ಬಂದದ್ದೇ ಕೈಗೆಟುಕುವ ತಗ್ಗಿನ ಕಪಾಟುಗಳು. ಈಗ ನಮ್ಮ ಮನೆಗಳನ್ನು ನೋಡಿ. ಮಗುವಿನ ತಟ್ಟೆ ಲೋಟ ಎಲ್ಲಿ? ಮೇಲಿನ ಗೂಡಿನಲ್ಲಿ. ಟವೆಲು? ದೊಡ್ಡವರ ಎತ್ತರದ ಮೊಳೆಯಲ್ಲಿ. ಎಲ್ಲಕ್ಕೂ "ಅಮ್ಮಾ" ಎಂದು ಕೂಗಬೇಕು, ಕೂಗಿದರೆ "ಎಷ್ಟು ಸಲ ಕೂಗ್ತೀಯಾ" ಎಂದು ಗದರಿಸಿಕೊಳ್ಳಬೇಕು. ಮೊಳೆಯೊಂದನ್ನು ಎರಡಡಿ ಕೆಳಗೆ ಹೊಡೆಯಲು ಯಾವ ತರಬೇತಿ ಬೇಕು ಹೇಳಿ?

ಉರುಳೆಯ ಮಾತು ಬಂತಲ್ಲ, ಅದರದ್ದೇ ಇನ್ನೊಂದು ಕತೆ. ಸುಮಾರು ಮೂರು ವರ್ಷದ ಒಬ್ಬ ಹುಡುಗಿ ಅದನ್ನು ತೆಗೆದು ಇಡುತ್ತಿದ್ದಳು, ಮತ್ತೆ ತೆಗೆದು ಇಡುತ್ತಿದ್ದಳು. ಮಾಂಟೆಸ್ಸರಿ ಎಣಿಸುತ್ತ ಕೂತರು. ಉಳಿದ ಮಕ್ಕಳಿಂದ ಹಾಡಿಸಿದರು. ಅವಳು ತಲೆ ಎತ್ತಲಿಲ್ಲ. ಕುರ್ಚಿ ಸಮೇತ ಎತ್ತಿ ಮೇಜಿನ ಮೇಲಿಟ್ಟರು. ಸಾಮಾನನ್ನು ಅವಚಿಕೊಂಡು ಅಲ್ಲೇ ಮುಂದುವರಿಸಿದಳು. ನಲವತ್ತಕ್ಕೂ ಹೆಚ್ಚು ಸಲ ಮಾಡಿ, ತಾನಾಗಿ ನಿಲ್ಲಿಸಿ, ಒಳ್ಳೆ ನಿದ್ದೆ ಮುಗಿಸಿದವಳ ಹಾಗೆ ನಗುತ್ತ ಸುತ್ತ ನೋಡಿದಳಂತೆ. ನಮ್ಮ ಮನೆಯಲ್ಲಿ ಆಗಿದ್ದರೆ? ನಾಲ್ಕನೇ ಸಲಕ್ಕೇ "ಸಾಕು ಬಾ, ಅಂಕಲ್‌ಗೆ ಪದ್ಯ ಹೇಳು" ಎನ್ನುತ್ತಿದ್ದೆವು. ಮಗು ಒಂದು ಕೆಲಸದಲ್ಲಿ ಮುಳುಗಿರುವಾಗ ಎಬ್ಬಿಸುವುದು ಅನ್ಯಾಯ ಎಂದೇ ನನ್ನ ಭಾವನೆ. ಅಂಕಲ್ ಕಾಯಲಿ.

ಸಿಂಬಳದ ಪಾಠವನ್ನೂ ಹೇಳಿಬಿಡುತ್ತೇನೆ. ಒಮ್ಮೆ ಮಾಂಟೆಸ್ಸರಿ ಮಕ್ಕಳಿಗೆ ಕರವಸ್ತ್ರದಿಂದ ಸದ್ದಿಲ್ಲದೆ ಮೂಗು ಒರೆಸಿಕೊಳ್ಳುವುದನ್ನು ನಿಧಾನವಾಗಿ ತೋರಿಸಿದರು. ಮಕ್ಕಳು ನಗಲಿಲ್ಲ, ಚಪ್ಪಾಳೆ ತಟ್ಟಿದರು! ಮೂಗಿನ ವಿಷಯದಲ್ಲಿ ಬರೀ ಬೈಗುಳ ತಿಂದ ಮಕ್ಕಳಿಗೆ ಮೊದಲ ಸಲ ಯಾರೋ ಮರ್ಯಾದೆಯಿಂದ ಕಲಿಸಿದ್ದರು.

ಈ ತಾಯಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಪಾಠ ಹೇಳಲು ಬಂದರು. ಎರಡನೇ ಮಹಾಯುದ್ಧದಲ್ಲಿ ಇಟಲಿ ಬ್ರಿಟಿಷರಿಗೆ ಶತ್ರುದೇಶವಾದ್ದರಿಂದ ಇಲ್ಲೇ ಉಳಿಯಬೇಕಾಯಿತು, ಕೊಡೈಕೆನಾಲಿನಲ್ಲೂ ಇದ್ದರು, 1946ರವರೆಗೆ ನೂರಾರು ಶಿಕ್ಷಕರನ್ನು ತಯಾರು ಮಾಡಿದರು. ಅದಕ್ಕೂ ಮೊದಲೇ, 1920ರಲ್ಲಿ, ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಇದೇ ದಾರಿಯ ಬಾಲಮಂದಿರ ತೆರೆದಿದ್ದರು. ವಕೀಲಿ ಮಾಡುತ್ತಿದ್ದ ಈ ಮನುಷ್ಯ ಶಿಕ್ಷಣದ ಕಡೆ ತಿರುಗಿದ್ದು ಮಗ ಹುಟ್ಟಿದ ಮೇಲೆ. ಮೀಸೆಯ ತಾಯಿ ಎಂದೇ ಜನ ಅವರನ್ನು ಕರೆದರು.

"ಇದೆಲ್ಲ ನಮ್ಮಜ್ಜಿ ಮನೆಯಲ್ಲೇ ಇತ್ತಲ್ಲ" ಎನ್ನುತ್ತೀರಿ. ಇತ್ತು, ಅರ್ಧ. ರಂಗೋಲಿಯ ಚುಕ್ಕಿ, ಅಳಗುಳಿಮಣೆಯ ಎಣಿಕೆ, ಬಾವಿಕಟ್ಟೆಯ ಪುಟ್ಟ ಬಿಂದಿಗೆ, ಎಲ್ಲ ಇತ್ತು. ಆದರೆ ಬಿಂದಿಗೆ ಜಾರಿದರೆ ಬೆನ್ನಿಗೆ ಗುದ್ದೂ ಬೀಳುತ್ತಿತ್ತು. ಹುಡುಗಿಗೆ ಕೆಲಸ, ಹುಡುಗನಿಗೆ ಹೋಳಿಗೆ ಎಂಬ ಕಟ್ಟಳೆಯೂ ಇತ್ತು. ಅಜ್ಜಿಯಿಂದ ಕೆಲಸವನ್ನು ಇಸಿದುಕೊಳ್ಳೋಣ, ಗುದ್ದು ಬೇಡ. ಹುಡುಗನ ಕೈಗೂ ಕಸಬರಿಗೆ ಕೊಡೋಣ.

ಹಾಗೆಂದು ಮಗು ಕೇಳಿದ್ದೆಲ್ಲ ನಡೆಯಬೇಕೇ? ಖಂಡಿತ ಇಲ್ಲ. ಕುದಿಯುವ ಎಣ್ಣೆಯ ಹತ್ತಿರ, ವಾಹನ ಓಡಾಡುವ ರಸ್ತೆಯಲ್ಲಿ ಆಯ್ಕೆಯ ಮಾತೇ ಇಲ್ಲ. ಕೆಂಪು ಅಂಗಿಯೋ ನೀಲಿಯೋ ಎಂದು ಎರಡನ್ನು ಹಿಡಿದು ಕೇಳಿ. ಇಡೀ ಬೀರು ತೆರೆದಿಟ್ಟರೆ ದೊಡ್ಡವರಿಗೇ ತಲೆ ಕೆಡುತ್ತದೆ. ನಿಜವಾದ ತೊಡಕು ಬೆಳಗಿನ ಸಮಯದ್ದು. ಸ್ಕೂಲ್ ವ್ಯಾನು ಹಾರನ್ ಹೊಡೆಯುತ್ತಿರುವಾಗ ಮಗು ಗುಂಡಿ ಹಾಕಿಕೊಳ್ಳುವುದನ್ನು ನೋಡುತ್ತ ನಿಲ್ಲಲು ಯಾರಿಗೆ ಸಾಧ್ಯ? ಗುಂಡಿಯ ಕೆಲಸ ಭಾನುವಾರಕ್ಕಿರಲಿ, ಸಂಜೆಗಿರಲಿ. ಮನೆಯಲ್ಲಿ ತಾತ ಇದ್ದರಂತೂ ಕಾಯುವ ತಾಳ್ಮೆಗೆ ಬರವಿಲ್ಲ.

ಇನ್ನು ನೀವು ಯಾರದೋ ಮನೆಗೆ ಹೋಗಿದ್ದೀರಿ ಅನ್ನಿ. ಆ ಮನೆಯ ಪುಟ್ಟಿ ಎರಡೂ ಕೈಯಲ್ಲಿ ಸ್ಟೀಲ್ ಲೋಟ ಹಿಡಿದು, ನಾಲಿಗೆ ಹೊರಚಾಚಿ, ಅರ್ಧ ನೀರು ನೆಲಕ್ಕೆ, ಅರ್ಧ ನಿಮಗೆ ತಂದರೆ, "ಅಯ್ಯೋ, ಮಗು ಕೈಲಿ ಯಾಕೆ ಕಳಿಸಿದ್ರಿ" ಅನ್ನಬೇಡಿ. ಅಷ್ಟನ್ನೂ ಕುಡಿದು, "ಇನ್ನೊಂದು ಲೋಟ ತರ್ತೀಯಾ ಪುಟ್ಟಿ?" ಅನ್ನಿ. ನೆಲ ಒರೆಸುವ ಬಟ್ಟೆ ಎಲ್ಲಿದೆ ಅಂತ ಅವಳಿಗೆ ಗೊತ್ತಿರುತ್ತದೆ.